ವಿದ್ಯಾರ್ಥಿವೇತನದಲ್ಲಿ ಉಳಿದ ಹಣ: ಅದು ಯಾರದು, ಅದನ್ನು ಹೇಗೆ ಬಳಸಬೇಕು?



ಹೋದ ತಿಂಗಳು ಒಂದು ಬೆಳಿಗ್ಗೆ ಊರಿಗಾಂ ರೈಲು ನಿಲ್ದಾಣದಲ್ಲಿ ಬಂಗಾರಪೇಟೆಯ ಗಾಡಿಗಾಗಿ ಕಾಯುತ್ತಿದ್ದೆ. ಮಾರಿಕುಪ್ಪಂ ಕಡೆಯಿಂದ ಗಾಡಿ ಬರಲು ಇನ್ನೂ ಹೊತ್ತಿತ್ತು. ಹತ್ತಿರದ ಹಳ್ಳಿಯ ತಾಯಿಯೊಬ್ಬರು ನನ್ನ ಗುರುತು ಹಿಡಿದು ಬಳಿಗೆ ಬಂದರು. ಕೈಚೀಲದಿಂದ ಬ್ಯಾಂಕಿನ ಪಾಸ್ ಪುಸ್ತಕವನ್ನು ತೆಗೆದು ನನ್ನ ಕೈಗಿತ್ತು ಹೀಗೆಂದರು:

"ಸಾರ್, ಮಗಳ ಸ್ಕಾಲರ್‌ಶಿಪ್ ದುಡ್ಡು ಬಂದಿದೆ. ಇದು ಪುಸ್ತಕದಲ್ಲೇ ಉಳಿದರೆ ಸರ್ಕಾರ ವಾಪಸ್ ಎಳೆದುಕೊಳ್ಳುತ್ತದಂತೆ. ಮುಂದಿನ ವರ್ಷ ಕೊಡುವುದೂ ಇಲ್ಲವಂತೆ. ಇವತ್ತೇ ಪೂರ್ತಿ ತೆಗೆದುಬಿಡೋಣ ಎಂದು ಹೊರಟಿದ್ದೇನೆ. ನಿಜವೇ ಹೇಳಿ."

ಮಗಳು ಬಿ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಪುಸ್ತಕದಲ್ಲಿ 10,800 ರೂಪಾಯಿ ಇತ್ತು. ಮಗಳ ಎ.ಟಿ.ಎಂ. ಕಾರ್ಡು ತಾಯಿಯ ಕೈಯಲ್ಲಿತ್ತು. ಹಣವನ್ನು ಏನು ಮಾಡುವಿರಿ ಎಂದು ಕೇಳಿದೆ. ಹಿರಿಯ ಮಗ ಮೋಟಾರು ಸೈಕಲ್ಲಿಗೆ ಮುಂಗಡ ಕಟ್ಟಬೇಕೆಂದಿದ್ದಾನೆ ಎಂದರು.

ಇದು ಒಬ್ಬ ತಾಯಿಯ ಪ್ರಶ್ನೆಯಲ್ಲ. ನಾನು ತಿರುಗುವ ಪ್ರತಿಯೊಂದು ಹಳ್ಳಿಯಲ್ಲಿಯೂ ಇದೇ ಮಾತನ್ನು ಕೇಳುತ್ತಿದ್ದೇನೆ. ಆದ್ದರಿಂದ ಈ ಸಂಚಿಕೆಯಲ್ಲಿ ಬೀಜ, ಗೊಬ್ಬರದ ಪಾಠವನ್ನು ಬದಿಗಿಟ್ಟು, ವಿದ್ಯಾರ್ಥಿವೇತನದಲ್ಲಿ ಉಳಿಯುವ ಹಣದ ವಿಷಯವನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವವರು ಇದನ್ನು ಮಕ್ಕಳ ಕೈಯಲ್ಲಿ ಓದಿಸಿ ಕೇಳಬೇಕೆಂದು ಕೋರುತ್ತೇನೆ.

1. ಕಣದ ಲೆಕ್ಕ

ರಾಗಿ ಒಕ್ಕಣೆಯಾಗಿ ಕಣದಲ್ಲಿ ರಾಶಿ ಬಿದ್ದಾಗ ನಮ್ಮ ಹಿರಿಯರು ಮೂರು ಕೆಲಸಗಳನ್ನು ಕ್ರಮವಾಗಿ ಮಾಡುತ್ತಿದ್ದರು. ಮೊದಲು, ಕೊಡಬೇಕಾದವರ ಪಾಲನ್ನು ಅಳೆದು ಕೊಡುವುದು. ಎರಡನೆಯದಾಗಿ, ಮುಂದಿನ ಮುಂಗಾರಿಗೆ ಬಿತ್ತನೆ ರಾಗಿಯನ್ನು ಬೇರೆ ಕಟ್ಟಿಡುವುದು. ಮೂರನೆಯದಾಗಿ, ಮಿಕ್ಕದ್ದನ್ನು ಊಟಕ್ಕೆ ಒಯ್ಯುವುದು. ಈ ಕ್ರಮ ತಪ್ಪಿಸಿ ಮೊದಲೇ ಊಟಕ್ಕೆ ಒಯ್ದವನು ಜೂನ್ ತಿಂಗಳಲ್ಲಿ ಬೀಜಕ್ಕಾಗಿ ನೆರೆಯವರ ಬಾಗಿಲು ತಟ್ಟುತ್ತಿದ್ದನು.

ವಿದ್ಯಾರ್ಥಿವೇತನಕ್ಕೂ ಇದೇ ಕ್ರಮ. ಖಾತೆಗೆ ಬಂದದ್ದೆಲ್ಲ ಉಳಿದದ್ದಲ್ಲ. ಕೊಡಬೇಕಾದ್ದನ್ನು ಕೊಟ್ಟು, ಮುಂದಿನ ವರ್ಷದ ಬಿತ್ತನೆಗೆ ಎತ್ತಿಟ್ಟ ಮೇಲೆ ಮಿಕ್ಕದ್ದೇ ಉಳಿದ ಹಣ. ಈ ಪಾಠದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ.

2. ಕೊಡಬೇಕಾದ ಪಾಲು ಯಾವುದು?

ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು 1944ರಲ್ಲಿ ಆರಂಭವಾದ ಯೋಜನೆ. ಡಾ. ಬಿ. ಆರ್. ಅಂಬೇಡ್ಕರ್ ಅವರು ಆಗ ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದರು. ಈ ಮಕ್ಕಳ ಉಚ್ಚ ಶಿಕ್ಷಣಕ್ಕೆ ಸರ್ಕಾರ ಹಣ ಕೊಡಬೇಕೆಂದು ಅವರು ಪಟ್ಟುಹಿಡಿದಿದ್ದರು. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಯೋಜನೆಯನ್ನು ಪರಿಷ್ಕರಿಸಿ, ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು ನೂರಕ್ಕೆ 40 ಎಂದು ಗೊತ್ತುಮಾಡಿತು. ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ.

ಈ ವೇತನದಲ್ಲಿ ಎರಡು ಭಾಗಗಳಿವೆ. ಒಂದು, ಕಾಲೇಜಿನ ಶುಲ್ಕ. ಇನ್ನೊಂದು, ಓದಿನ ಇತರ ಖರ್ಚಿಗೆ ಕೊಡುವ ಭತ್ಯೆ. 2021ರ ಮಾರ್ಗಸೂಚಿಯಲ್ಲಿ ಈ ಭತ್ಯೆಯನ್ನು ವರ್ಷಕ್ಕೆ ಹೀಗೆ ಗೊತ್ತುಮಾಡಿದರು:

ಇಂಜಿನಿಯರಿಂಗ್, ವೈದ್ಯಕೀಯ ಮೊದಲಾದ ವೃತ್ತಿಪರ ಪದವಿಗಳು: ಹಾಸ್ಟೆಲಿನಲ್ಲಿರುವವರಿಗೆ 13,500 ರೂ., ಮನೆಯಿಂದ ಹೋಗಿಬರುವವರಿಗೆ 7,000 ರೂ.
ಡಿಪ್ಲೊಮಾ ಮೊದಲಾದ ಇತರ ವೃತ್ತಿಪರ ಶಿಕ್ಷಣ: 9,500 ಮತ್ತು 6,500 ರೂ.
ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಮೊದಲಾದ ಸಾಮಾನ್ಯ ಪದವಿಗಳು: 6,000 ಮತ್ತು 3,000 ರೂ.
ಪಿ.ಯು.ಸಿ., ಐ.ಟಿ.ಐ. ಮೊದಲಾದವು: 4,000 ಮತ್ತು 2,500 ರೂ.

ಹಿಂದೆ ಶುಲ್ಕದ ಭಾಗ ಅನೇಕ ಕಡೆ ನೇರವಾಗಿ ಕಾಲೇಜಿಗೇ ಹೋಗುತ್ತಿತ್ತು. ಹೊಸ ಮಾರ್ಗಸೂಚಿಯ ಪ್ರಕಾರ ಶುಲ್ಕವೂ ಭತ್ಯೆಯೂ ವಿದ್ಯಾರ್ಥಿಯ ಸ್ವಂತ ಖಾತೆಗೇ ಬರುತ್ತವೆ. ಇದು ಒಳ್ಳೆಯ ಏರ್ಪಾಡು. ಆದರೆ ತೊಡಕು ಹುಟ್ಟುವುದೂ ಇಲ್ಲಿಯೇ. ಫ್ರೀಶಿಪ್ ಕಾರ್ಡು ತೋರಿಸಿ, ಪ್ರವೇಶದ ಸಮಯದಲ್ಲಿ ಶುಲ್ಕ ಕಟ್ಟದೆ ಸೇರಿದ ವಿದ್ಯಾರ್ಥಿಯು, ಹಣ ಬಂದ ಮೇಲೆ ಶುಲ್ಕವನ್ನು ತಾನೇ ಕಾಲೇಜಿಗೆ ಕಟ್ಟಬೇಕು. ಖಾತೆಯಲ್ಲಿ ಬಿದ್ದ ಹಣದ ಮೇಲೆ ಶುಲ್ಕ ಇಷ್ಟು, ಭತ್ಯೆ ಇಷ್ಟು ಎಂದು ಬರೆದಿರುವುದಿಲ್ಲ. ರಾಜ್ಯದ ಪಾಲು ಒಂದು ದಿನ, ಕೇಂದ್ರದ ಪಾಲು ಇನ್ನೊಂದು ದಿನ ಬರುವುದರಿಂದ, ಎರಡನೆಯ ಸಲ ಬಂದದ್ದನ್ನು ಮನೆಯವರು ಹೆಚ್ಚಿಗೆ ಬಂದ ಹಣವೆಂದು ಭಾವಿಸುತ್ತಾರೆ.

3. ರೈಲಿನಲ್ಲಿ ಹಾಕಿದ ಲೆಕ್ಕ

ಗಾಡಿ ಬಂತು. ಇಬ್ಬರೂ ಹತ್ತಿ ಕುಳಿತೆವು. ಆ ತಾಯಿಯ ಲೆಕ್ಕವನ್ನು ಒಂದು ಹಳೆಯ ಬೀಜದ ಪೊಟ್ಟಣದ ಹಿಂದೆ ಬರೆದೆ. ಫೋನಿನಲ್ಲಿ ಮಗಳನ್ನು ಕೇಳಿದಾಗ, ತಾನು ಶುಲ್ಕ ಕಟ್ಟದೆ ಸೇರಿದ್ದೇನೆಂದೂ ಕಾಲೇಜಿಗೆ ಕೊಡಬೇಕಾದ್ದು 9,200 ರೂಪಾಯಿ ಎಂದೂ ಹೇಳಿದಳು. ಅವಳು ಮನೆಯಿಂದ ಹೋಗಿಬರುವವಳು, ಆದ್ದರಿಂದ ಭತ್ಯೆ 3,000.

ಒಟ್ಟು ಬರಬೇಕಾದ್ದು: 12,200 ರೂ.
ಮೊದಲ ಸಲ ಬಂದದ್ದು, ನೂರಕ್ಕೆ 40ರಂತೆ: 4,880 ರೂ.
ಎರಡನೆಯ ಸಲ ಬಂದದ್ದು, ನೂರಕ್ಕೆ 60ರಂತೆ: 7,320 ರೂ.
ಇದರಲ್ಲಿ ಪರೀಕ್ಷಾ ಶುಲ್ಕಕ್ಕೂ ಪುಸ್ತಕಕ್ಕೂ ತೆಗೆದದ್ದು: 1,400 ರೂ.
ಖಾತೆಯಲ್ಲಿ ಇರುವುದು: 10,800 ರೂ.
ಕಾಲೇಜಿಗೆ ಕೊಡಬೇಕಾದ್ದು: 9,200 ರೂ.
ನಿಜವಾಗಿ ಉಳಿದದ್ದು: 1,600 ರೂ.

ತಾಯಿ ಬಹಳ ಹೊತ್ತು ಆ ಪೊಟ್ಟಣವನ್ನೇ ನೋಡುತ್ತಿದ್ದರು. ಹತ್ತು ಸಾವಿರದ ಎಂಟುನೂರು ಎಂದುಕೊಂಡಿದ್ದು ಒಂದು ಸಾವಿರದ ಆರುನೂರಾಗಿತ್ತು. "ಹಾಗಾದರೆ ಮಿಕ್ಕದ್ದು ನಮ್ಮದಲ್ಲವೇ?" ಎಂದರು. ಅಲ್ಲ, ಅದು ಕಾಲೇಜಿನದು, ತಮ್ಮ ಮಗಳ ಖಾತೆಯಲ್ಲಿ ತಂಗಿದೆ ಅಷ್ಟೆ ಎಂದೆ.

ಆ ಹಣವನ್ನು ಮೋಟಾರು ಸೈಕಲ್ಲಿಗೆ ಕಟ್ಟಿದ್ದರೆ ಏನಾಗುತ್ತಿತ್ತು? ಕಾಲೇಜಿನ ಪುಸ್ತಕದಲ್ಲಿ ಮಗಳ ಹೆಸರಿನ ಮುಂದೆ ಬಾಕಿ ನಿಲ್ಲುತ್ತಿತ್ತು. ಮುಂದಿನ ವರ್ಷದ ಪ್ರವೇಶಕ್ಕೆ ಹೋದಾಗ ಹಳೆಯ ಬಾಕಿಯನ್ನು ಕೇಳುತ್ತಿದ್ದರು. ಆಗ ಒಂಬತ್ತು ಸಾವಿರ ಎಲ್ಲಿಂದ ತರುವುದು? ಸಾಲವೋ, ಒಡವೆಯ ಒತ್ತೆಯೋ, ಇಲ್ಲವೆ "ಹುಡುಗಿ ಓದಿದ್ದು ಸಾಕು" ಎಂಬ ಮಾತೋ ಆಗುತ್ತಿತ್ತು. ಕೊನೆಯ ಮಾತು ನಮ್ಮ ಹಳ್ಳಿಗಳಲ್ಲಿ ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆಂಬುದು ತಮಗೇ ಗೊತ್ತಿದೆ.

ಹಣ ಬಂದ ವಾರದೊಳಗೆ ವಿದ್ಯಾರ್ಥಿಯೇ ಕಾಲೇಜಿನ ಕಚೇರಿಗೆ ಹೋಗಿ, "ನನ್ನ ಹೆಸರಿನಲ್ಲಿ ಬಾಕಿ ಎಷ್ಟು?" ಎಂದು ಕೇಳಿ, ಕಟ್ಟಿ, ರಸೀತಿ ಪಡೆಯತಕ್ಕದ್ದು. ರಸೀತಿಯಿಲ್ಲದೆ ಯಾರ ಕೈಗೂ ಹಣ ಕೊಡಬಾರದು. ಪ್ರವೇಶದ ದಿನವೇ ಶುಲ್ಕ ಕಟ್ಟಿದ್ದರೆ ಆ ರಸೀತಿಯನ್ನು ಹುಡುಕಿ ಇಟ್ಟುಕೊಳ್ಳಿ. ಆಗ ಬಂದ ಶುಲ್ಕದ ಹಣ ತಾವು ಮೊದಲೇ ಕೊಟ್ಟದ್ದಕ್ಕೆ ಪ್ರತಿಯಾಗಿ ಬಂದದ್ದು. ಅದಕ್ಕಾಗಿ ಸಾಲ ಮಾಡಿದ್ದರೆ ಆ ಸಾಲವನ್ನೇ ಮೊದಲು ತೀರಿಸಿ.

ಎಲ್ಲ ವೇತನಗಳೂ ಹೀಗೆ ಶುಲ್ಕದೊಡನೆ ಕಟ್ಟಿಕೊಂಡಿರುವುದಿಲ್ಲ. ರೈತರ ಮಕ್ಕಳಿಗಾಗಿ 2021ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ರೈತ ವಿದ್ಯಾನಿಧಿಯಲ್ಲಿ, ಸಾಮಾನ್ಯ ಪದವಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ಆಗ ಗೊತ್ತುಮಾಡಿದ್ದರು. ಅದು ಓದಿಗೆ ನೆರವಾಗಿ ಕೊಟ್ಟ ಗಂಟು. 2013ರಲ್ಲಿ ಬಂದ ವಿದ್ಯಾಸಿರಿಯು ಹಾಸ್ಟೆಲಿನಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಏರ್ಪಾಡಾಗಿ ಆರಂಭವಾಯಿತು. ಹೀಗೆ ಒಂದೊಂದು ಹಣಕ್ಕೂ ಒಂದೊಂದು ಉದ್ದೇಶ. ಬಂದ ಹಣ ಯಾವ ಯೋಜನೆಯದು, ಯಾವುದಕ್ಕೆ ಬಂದದ್ದು ಎಂಬುದನ್ನು ಮೊದಲು ತಿಳಿಯಬೇಕು.

4. ಉಳಿಸಿದರೆ ಮುಂದಿನ ವರ್ಷ ನಿಂತುಹೋಗುವುದೇ?

ಇನ್ನು ಆ ತಾಯಿಯ ಮೂಲ ಪ್ರಶ್ನೆ. ಇದಕ್ಕೆ ಉತ್ತರ ಸ್ಪಷ್ಟವಾಗಿದೆ: ಇಲ್ಲ. ನಮ್ಮ ವಿದ್ಯಾರ್ಥಿವೇತನಗಳು ತಂದೆತಾಯಿಯರ ಆದಾಯವನ್ನು ನೋಡುತ್ತವೆ, ಮಗುವಿನ ಪಾಸ್ ಪುಸ್ತಕದಲ್ಲಿ ಎಷ್ಟು ಉಳಿದಿದೆ ಎಂಬುದನ್ನಲ್ಲ. ತಹಸೀಲ್ದಾರರು ಕೊಡುವ ಆದಾಯ ಪ್ರಮಾಣಪತ್ರವೇ ಆಧಾರ. ಭತ್ಯೆಯಲ್ಲಿ ಸಾವಿರ ರೂಪಾಯಿ ಮಿಗಿಸಿದ ಮಗುವಿಗೆ ಮುಂದಿನ ವರ್ಷ ಸಾವಿರ ಕಡಿಮೆ ಮಾಡುವ ಪದ್ಧತಿ ಇಲ್ಲ.

ತೆರಿಗೆಯ ಭಯವೂ ಬೇಡ. ವಿದ್ಯಾಭ್ಯಾಸದ ವೆಚ್ಚಕ್ಕಾಗಿ ಕೊಟ್ಟ ವಿದ್ಯಾರ್ಥಿವೇತನಕ್ಕೆ 1961ರ ಆದಾಯ ತೆರಿಗೆ ಕಾಯಿದೆಯ 10ನೆಯ ಕಲಮಿನ 16ನೆಯ ಉಪಕಲಮಿನಲ್ಲೇ ವಿನಾಯಿತಿಯನ್ನು ಬರೆದಿದ್ದರು.

ಬೇರೆ ದೇಶಗಳಲ್ಲಿ ಹೀಗಿಲ್ಲ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ನಮ್ಮ ಕೆ.ಜಿ.ಎಫ್. ಕಡೆಯ ಮಕ್ಕಳು ಈಗ ಹೊರದೇಶಕ್ಕೂ ಓದಲು ಹೋಗುತ್ತಿದ್ದಾರೆ. ಅಮೆರಿಕದಲ್ಲಿ ವಿದ್ಯಾರ್ಥಿವೇತನದಿಂದ ಶುಲ್ಕ, ಪುಸ್ತಕಗಳಿಗೆ ಹೋದ ಭಾಗಕ್ಕೆ ತೆರಿಗೆ ಇಲ್ಲ. ಆದರೆ ಬಾಡಿಗೆಗೂ ಊಟಕ್ಕೂ ಬಳಸಿದ್ದು ಆದಾಯದ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿನ ಸರ್ಕಾರ ತನ್ನ ಪ್ರಜೆಗಳಿಗೆ ಓದಿನ ನೆರವು ಗೊತ್ತುಮಾಡುವಾಗ, ವಿದ್ಯಾರ್ಥಿಯ ಸ್ವಂತ ಉಳಿತಾಯದಲ್ಲಿ ನೂರಕ್ಕೆ 20ರಷ್ಟನ್ನು ಓದಿಗೆ ಹಾಕಬಲ್ಲನೆಂದು ಎಣಿಸುತ್ತದೆ. ಹೊರಗಿನಿಂದ ಒಂದು ಬಹುಮಾನ ಬಂದರೆ ಕೆಲವು ಕಾಲೇಜುಗಳು ತಾವು ಕೊಡುವ ನೆರವನ್ನು ಇಳಿಸುವುದೂ ಉಂಟು. ಅಲ್ಲಿನ ಮಾತನ್ನು ಇಲ್ಲಿಗೆ ತಂದು ಹೆದರಬಾರದು, ಇಲ್ಲಿನ ಧೈರ್ಯವನ್ನು ಅಲ್ಲಿಗೆ ಒಯ್ಯಲೂಬಾರದು.

5. ನಿಜವಾಗಿ ತೊಂದರೆ ತರುವ ಸಂಗತಿಗಳು

ಹಾಗಾದರೆ ವೇತನ ಯಾವಾಗ ನಿಲ್ಲುತ್ತದೆ, ಯಾವಾಗ ಹಿಂದಕ್ಕೆ ಕೇಳುತ್ತಾರೆ? ಈ ನಾಲ್ಕು ಸಂಗತಿಗಳನ್ನು ಗಮನದಲ್ಲಿಡಿ.

ಮೊದಲನೆಯದು, ನಡುವೆ ಓದು ಬಿಡುವುದು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮಗಳಲ್ಲಿ, ವರ್ಷದ ನಡುವೆ ಓದು ಬಿಟ್ಟರೆ ಕೊಟ್ಟ ಹಣವನ್ನು ಹಿಂದಕ್ಕೆ ಕೇಳುವ ಅಧಿಕಾರವನ್ನು ಸರ್ಕಾರ ಇಟ್ಟುಕೊಂಡಿದೆ. ಮಗಳ ಮದುವೆ ಗೊತ್ತಾಯಿತೆಂದು ಫೆಬ್ರವರಿಯಲ್ಲಿ ಕಾಲೇಜು ಬಿಡಿಸುವವರು ಇದನ್ನು ಯೋಚಿಸಬೇಕು. ಪರೀಕ್ಷೆಯಾದರೂ ಮುಗಿಯಲಿ.

ಎರಡನೆಯದು, ಸುಳ್ಳು ಹೇಳಿ ಪಡೆಯುವುದು. ಆದಾಯವನ್ನಾಗಲಿ, ಹಾಸ್ಟೆಲಿನ ವಾಸವನ್ನಾಗಲಿ ತಪ್ಪಾಗಿ ಬರೆಸಿದರೆ ವೇತನ ರದ್ದಾಗುತ್ತದೆ, ಪಡೆದದ್ದನ್ನು ವಸೂಲು ಮಾಡುತ್ತಾರೆ. ಮನೆಯಿಂದ ಹೋಗಿಬರುವವರು ಹಾಸ್ಟೆಲಿನವರ ದರದಲ್ಲಿ ಪಡೆದ ಹಣ ಉಳಿದ ಹಣವಲ್ಲ, ಸಾಲ.

ಮೂರನೆಯದು, ಒಂದೇ ಓದಿಗೆ ಎರಡು ವೇತನ. ಸಾಮಾನ್ಯವಾಗಿ ಸರ್ಕಾರದ ಎರಡು ವೇತನಗಳನ್ನು ಒಟ್ಟಿಗೆ ಹಿಡಿಯಲಾಗದು. ಹೆಚ್ಚು ಅನುಕೂಲವಾದ ಒಂದನ್ನು ಆರಿಸಿಕೊಳ್ಳಬೇಕು. ಪಿ.ಯು.ಸಿ.ಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಕೇಂದ್ರ ಸರ್ಕಾರ ಕೊಡುವ ವೇತನ, ಪದವಿಗೆ ವರ್ಷಕ್ಕೆ 12,000 ರೂಪಾಯಿ ಎಂದು ಪರಿಷ್ಕಾರವಾದದ್ದು, ಬೇರೆ ವೇತನ ಪಡೆಯುವವರಿಗೆ ಸಿಗುವುದಿಲ್ಲ. ಅರ್ಜಿ ಹಾಕುವ ಮೊದಲೇ ಎರಡನ್ನೂ ತೂಗಿ ನೋಡಿ. ಶುಲ್ಕ ಹೆಚ್ಚಿರುವ ಓದಿಗೆ ಶುಲ್ಕವನ್ನೂ ಕೊಡುವ ವೇತನವೇ ಮೇಲು. ಶುಲ್ಕ ಕಡಿಮೆಯಿರುವ ಸರ್ಕಾರಿ ಕಾಲೇಜಿನಲ್ಲಿ 12,000ವೇ ಮೇಲಾಗಬಹುದು.

ನಾಲ್ಕನೆಯದು, ಹಾಜರಿ ಮತ್ತು ಅಂಕ. ಈಗ ಹೇಳಿದ ಕೇಂದ್ರದ ವೇತನವನ್ನು ಮುಂದುವರಿಸಲು ನೂರಕ್ಕೆ 75 ಹಾಜರಿಯೂ ನೂರಕ್ಕೆ 50 ಅಂಕವೂ ಬೇಕು. ಟೊಮೇಟೊ ಬಿಡಿಸುವ ದಿನಗಳಲ್ಲಿ ಮಗನನ್ನು ಹದಿನೈದು ದಿನ ತೋಟದಲ್ಲಿ ನಿಲ್ಲಿಸಿಕೊಳ್ಳುವ ತಂದೆಯವರು ಕೂಲಿ ಉಳಿಯಿತೆಂದು ಎಣಿಸುತ್ತಾರೆ. ಕಳೆಯಬಹುದಾದ ವೇತನವನ್ನೂ ಆ ಕೂಲಿಯ ಲೆಕ್ಕದಲ್ಲಿ ಸೇರಿಸಬೇಕು.

6. ಶಿಕ್ಷಣ ಸಾಲವಿದ್ದರೆ

ಊರಿಗಾಮಿನಲ್ಲಿಯೇ ಇಂಜಿನಿಯರಿಂಗ್ ಕಾಲೇಜಿದೆ. ಬೆಂಗಳೂರಿಗೆ ಹೋಗಿ ಓದುವವರೂ ಅನೇಕರು. ಇವರಲ್ಲಿ ಹಲವರಿಗೆ ಬ್ಯಾಂಕಿನ ಸಾಲವೂ ಇರುತ್ತದೆ. ಸಾಲಕ್ಕೂ ವಿದ್ಯಾರ್ಥಿವೇತನಕ್ಕೂ ಮೂರು ಕಡೆ ಗಂಟು ಬೀಳುತ್ತದೆ.

ಮೊದಲನೆಯದು, ಕೈಯಿಂದ ಹಾಕಬೇಕಾದ ಪಾಲು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿಯವರೆಗೆ ಈ ಪಾಲು ಇಲ್ಲ. ಅದಕ್ಕೆ ಮೇಲ್ಪಟ್ಟರೆ ದೇಶದೊಳಗಿನ ಓದಿಗೆ ನೂರಕ್ಕೆ 5, ಹೊರದೇಶದ ಓದಿಗೆ ನೂರಕ್ಕೆ 15. ವಿದ್ಯಾರ್ಥಿವೇತನವನ್ನು ಈ ಪಾಲಿನಲ್ಲಿ ಸೇರಿಸಬಹುದು. ಓದಿನ ಒಟ್ಟು ಖರ್ಚು 6 ಲಕ್ಷವಾದರೆ ಕೈಪಾಲು 30,000, ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 7,500 ರೂಪಾಯಿ. ಭತ್ಯೆಯಲ್ಲಿ ಉಳಿಸಿದ್ದು ಇಲ್ಲಿ ಒದಗುತ್ತದೆ.

ಎರಡನೆಯದು, ಬಡ್ಡಿ. ಓದುವ ಕಾಲದಲ್ಲಿ ಕಂತು ಕಟ್ಟಬೇಕಾಗಿಲ್ಲವೆಂದು ಬಡ್ಡಿ ಸುಮ್ಮನಿರುವುದಿಲ್ಲ. ಒಂದು ಲಕ್ಷಕ್ಕೆ ನೂರಕ್ಕೆ 10ರಂತೆ ಸರಳ ಬಡ್ಡಿ ಹಿಡಿದರೂ ವರ್ಷಕ್ಕೆ 10,000 ಬೆಳೆಯುತ್ತದೆ. ಓದುತ್ತಿರುವಾಗಲೇ ಬಡ್ಡಿಯನ್ನು ಕಟ್ಟಿಕೊಂಡು ಬಂದವರಿಗೆ ಬಡ್ಡಿಯ ದರದಲ್ಲಿ ನೂರಕ್ಕೆ 1ರಷ್ಟು ರಿಯಾಯಿತಿ ಕೊಡಲು ಬ್ಯಾಂಕುಗಳಿಗೆ ಅವಕಾಶವಿದೆ. ಸಾಲ ಪಡೆಯುವಾಗಲೇ ಇದನ್ನು ಕೇಳಿ ಬರೆಸಿಕೊಳ್ಳಿ. ಒಂದೇ ಶುಲ್ಕಕ್ಕೆ ಸಾಲವೂ ಬಂದು ವೇತನವೂ ಬಂದರೆ, ವೇತನದ ಶುಲ್ಕದ ಭಾಗವನ್ನು ಸಾಲದ ಖಾತೆಗೇ ತುಂಬುವುದು ಸರಿಯಾದ ದಾರಿ.

ಮೂರನೆಯದು, ಬಡ್ಡಿಯ ರಿಯಾಯಿತಿ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ವಿದ್ಯಾಸಂಸ್ಥೆಗಳಲ್ಲಿ ಓದುವ, ಕುಟುಂಬದ ಆದಾಯ 8 ಲಕ್ಷದೊಳಗಿರುವ ಮಕ್ಕಳಿಗೆ 10 ಲಕ್ಷದವರೆಗಿನ ಸಾಲಕ್ಕೆ ನೂರಕ್ಕೆ 3ರಷ್ಟು ಬಡ್ಡಿಯನ್ನು ಸರ್ಕಾರ ಹೊರುವುದೆಂದಿದೆ. ಆದರೆ ಸರ್ಕಾರದ ಬೇರೆ ವಿದ್ಯಾರ್ಥಿವೇತನವನ್ನಾಗಲಿ ಬಡ್ಡಿ ರಿಯಾಯಿತಿಯನ್ನಾಗಲಿ ಪಡೆಯುವವರಿಗೆ ಇದು ಸಲ್ಲುವುದಿಲ್ಲ. ಎರಡರಲ್ಲಿ ಯಾವುದು ಲಾಭವೆಂದು ಕಾಗದದ ಮೇಲೆ ಬರೆದು ನೋಡಿದ ಮೇಲೆಯೇ ಅರ್ಜಿ ಹಾಕತಕ್ಕದ್ದು.

7. ಬಿತ್ತನೆ ರಾಗಿಯನ್ನು ಎಲ್ಲಿ ಇಡಬೇಕು?

ಉಳಿದ ಹಣ ವಿದ್ಯಾರ್ಥಿಯ ಹೆಸರಿನ ಖಾತೆಯಲ್ಲಿಯೇ ಇರಲಿ. ಆಧಾರಿನೊಡನೆ ಜೋಡಿಸಿದ ಖಾತೆಗಳಲ್ಲಿ ಕೊನೆಯದಾಗಿ ಜೋಡಿಸಿದ್ದಕ್ಕೇ ಸರ್ಕಾರದ ಹಣ ಬರುತ್ತದೆ. ಯಾರೋ ಹೇಳಿದರೆಂದು ಹೊಸ ಖಾತೆಗಳನ್ನು ತೆರೆಯುತ್ತ ಹೋದರೆ ಹಣ ಯಾವುದಕ್ಕೆ ಬಂತೆಂದು ಹುಡುಕಬೇಕಾದೀತು. ಬಳಸದಿದ್ದರೆ ಖಾತೆ ಸತ್ತುಹೋಗುವುದೆಂಬ ಭಯವೂ ಬೇಡ. ವಿದ್ಯಾರ್ಥಿವೇತನಕ್ಕಾಗಿ ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಎರಡು ವರ್ಷ ವಹಿವಾಟಿಲ್ಲವೆಂದು ನಿಷ್ಕ್ರಿಯವೆಂದು ಬರೆಯಬಾರದೆಂದು ರಿಸರ್ವ್ ಬ್ಯಾಂಕು 2024ರಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ.

ಆರು ತಿಂಗಳ ಮಟ್ಟಿಗೆ ಬೇಡವಾದ ಮೊತ್ತವನ್ನು ಅದೇ ಬ್ಯಾಂಕಿನಲ್ಲಿ ಸಣ್ಣ ನಿಶ್ಚಿತ ಠೇವಣಿಯಾಗಿಡಬಹುದು. ಅಂಚೆ ಕಚೇರಿಯಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದಲೇ ಆವರ್ತ ಠೇವಣಿ ಆರಂಭಿಸಬಹುದು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯುಂಟು, ಇದು 2020ರಲ್ಲಿ ಒಂದು ಲಕ್ಷದಿಂದ ಏರಿದ್ದು. ಬೀದಿಯ ಚೀಟಿಗೆ, ಫೋನಿನಲ್ಲಿ ಆಡುವ ಹಣದ ಆಟಕ್ಕೆ ಇಂಥ ಯಾವ ಆಸರೆಯೂ ಇಲ್ಲ. "ಸ್ಕಾಲರ್‌ಶಿಪ್ ಬಿಡುಗಡೆಗೆ ಓ.ಟಿ.ಪಿ. ಹೇಳಿ" ಎಂದು ಯಾರಾದರೂ ಕರೆ ಮಾಡಿದರೆ ಹೇಳಬೇಡಿ. ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಬಿತ್ತನೆಯ ಅಳತೆ ಎಷ್ಟು? ಮುಂದಿನ ವರ್ಷದ ಪ್ರವೇಶದ ದಿನ ಕೈಯಿಂದ ಕಟ್ಟಬೇಕಾದ್ದು, ಎರಡು ಪರೀಕ್ಷೆಗಳ ಶುಲ್ಕ, ಪುಸ್ತಕ, ರೈಲಿನ ಇಲ್ಲವೆ ಬಸ್ಸಿನ ಪಾಸು. ಇಷ್ಟನ್ನು ಕೂಡಿದರೆ ಬರುವ ಮೊತ್ತವೇ ಅಳತೆ. ಕಾಲೇಜು ತೆರೆಯುವುದಕ್ಕೂ ವೇತನ ಖಾತೆಗೆ ಬರುವುದಕ್ಕೂ ನಡುವೆ ಎಷ್ಟೋ ತಿಂಗಳ ಅಂತರವಿರುತ್ತದೆ. ಹಿಂದಿನ ವರ್ಷದ ಉಳಿಕೆ ಆ ಅಂತರವನ್ನು ದಾಟಿಸುವ ಕಾಲುಸಂಕ. ಇಷ್ಟು ಎತ್ತಿಟ್ಟು ಮತ್ತೂ ಮಿಕ್ಕರೆ, ಕನ್ನಡಕವೋ, ಕಂಪ್ಯೂಟರಿನ ಕಲಿಕೆಯೋ, ಕೆಲಸದ ಪರೀಕ್ಷೆಗಳ ಅರ್ಜಿಯೋ ಆಗಲಿ. ಮನೆಯಲ್ಲಿ ಕಾಯಿಲೆ ಬಿದ್ದು ಕೈ ಬರಿದಾದಾಗ ಮಕ್ಕಳ ಹಣವನ್ನು ಮುಟ್ಟಬಾರದೆಂದು ನಾನು ಹೇಳಲಾರೆ. ಮಗುವನ್ನು ಕೇಳಿ ತೆಗೆದುಕೊಳ್ಳಿ, ಬರೆದಿಡಿ, ಹಾಲಿನ ಬಟವಾಡೆ ಬಂದಾಗ ಸ್ವಲ್ಪ ಸ್ವಲ್ಪವಾಗಿ ತುಂಬಿಸಿ.

8. ನನ್ನದೊಂದು ಅನುಭವ

ನಾನು ಕೃಷಿ ಡಿಪ್ಲೊಮಾ ಓದುತ್ತಿದ್ದಾಗ ಎರಡನೆಯ ವರ್ಷ 6,000 ರೂಪಾಯಿ ವೇತನ ಬಂತು. ಆ ತಿಂಗಳು ನಮ್ಮ ತಂದೆಯವರು ಕೊಳವೆ ಬಾವಿ ಕೊರೆಸುತ್ತಿದ್ದರು. ಸಾವಿರ ಅಡಿ ದಾಟಿದರೂ ನೀರಿಲ್ಲ, ಇನ್ನು ನೂರು ಅಡಿ ನೋಡೋಣವೆಂದು ಯಂತ್ರದವರು ಹೇಳಿದರು. ನಾನೇ ಹಣವನ್ನು ತೆಗೆದುಕೊಟ್ಟೆ. ಬಂದದ್ದು ಬಿಳಿಯ ಧೂಳು. ಎರಡು ತಿಂಗಳ ಮೇಲೆ ಪರೀಕ್ಷಾ ಶುಲ್ಕ ಕಟ್ಟುವ ದಿನ ಬಂದಾಗ ಮನೆಯಲ್ಲಿ ಹೇಳಲು ನಾಚಿಕೆಯಾಯಿತು. ಕೊನೆಯ ದಿನ ದಾಟಿತು. ಕಡೆಗೆ ತಾಯಿಯವರು ಕರುವನ್ನು ಮಾರಿ ದಂಡದೊಡನೆ ಶುಲ್ಕ ಕಟ್ಟಿಸಿದರು. ಆ ಕರು ಈಗಿದ್ದರೆ ಹಾಲು ಕರೆಯುವ ಹಸುವಾಗಿರುತ್ತಿತ್ತು.

ತಂದೆಯವರು ತಪ್ಪು ಮಾಡಿದರೆಂದು ಇದನ್ನು ಬರೆಯುತ್ತಿಲ್ಲ. ನೀರಿಲ್ಲದ ನೆಲದಲ್ಲಿ ರೈತನು ಇನ್ನೇನು ಮಾಡಿಯಾನು? ಆ 6,000ದಲ್ಲಿ ಪರೀಕ್ಷೆಯ ಪಾಲು ಇಷ್ಟೆಂದು ನಾನು ಮೊದಲೇ ಲೆಕ್ಕ ಹಾಕಿ ಹೇಳಿರಲಿಲ್ಲ. ಹೇಳಿದ್ದರೆ ಅವರು ಅದನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ಈ ಮಾತು ಮಕ್ಕಳಿಗೆ: ಹಣ ಬಂದ ದಿನವೇ ಲೆಕ್ಕವನ್ನು ಬರೆದು ಮನೆಯವರ ಮುಂದೆ ಇಡಿ. ಬಾಯಿಮಾತಿನಲ್ಲಿ ಬೇಡವೆನ್ನಲು ಕಷ್ಟ, ಕಾಗದ ತೋರಿಸಲು ಸುಲಭ.

9. ಕಡೆಯ ಮಾತು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಗಾದೆ. ಹೊನ್ನಿನ ಮೇಲೆಯೇ ಬಾಳಿದ ಊರು ನಮ್ಮದು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಂದಿನಿಂದ ನೂರಿಪ್ಪತ್ತು ವರ್ಷ ನಡೆದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ತಿಂಗಳ ಸಂಬಳ ಒಂದೇ ದಿನ ನಿಂತದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಗಳಿಂದಲೂ ಸುತ್ತಣ ಹಳ್ಳಿಗಳಿಂದಲೂ ಈಗ ದಿನವೂ ಜನ ಬೆಂಗಳೂರಿನ ಗಾಡಿ ಹತ್ತುತ್ತಾರೆ. ಅಲ್ಲಿ ಯಾವ ಕೆಲಸಕ್ಕೆ, ಎಷ್ಟು ಸಂಬಳಕ್ಕೆ ಎಂಬುದನ್ನು ಕೈಯಲ್ಲಿರುವ ಅಂಕಪಟ್ಟಿ ನಿರ್ಧರಿಸುತ್ತದೆ. ಒಂಬತ್ತು ಸಾವಿರದ ಬಾಕಿಗಾಗಿ ಅದನ್ನು ಕಳೆದುಕೊಳ್ಳುವುದು ಬಹಳ ದುಬಾರಿಯ ವ್ಯಾಪಾರ.

ಬಂಗಾರಪೇಟೆಯಲ್ಲಿ ಇಳಿದಾಗ ಆ ತಾಯಿ ಬ್ಯಾಂಕಿನ ಕಡೆ ಹೋಗದೆ ಮನೆಗೆ ಹಿಂದಿರುಗುವ ಗಾಡಿಯನ್ನು ವಿಚಾರಿಸಿದರು. ವಾರದ ಮೇಲೆ ಮಗಳೇ ಕಾಲೇಜಿಗೆ 9,200 ಕಟ್ಟಿದಳೆಂದು ತಿಳಿಯಿತು. ರಸೀತಿಯನ್ನು ಅವಳು ದೇವರ ಪಟದ ಹಿಂದೆ ಇಟ್ಟಿದ್ದಾಳಂತೆ. ಅಣ್ಣನಿಗೆ ಇನ್ನೂ ಸ್ವಲ್ಪ ಅಸಮಾಧಾನವಿದೆ. 1,600 ರೂಪಾಯಿ ಅವಳ ಖಾತೆಯಲ್ಲಿದೆ.

ಮನೆಪಾಠ: ಇಂದು ರಾತ್ರಿ ಊಟದ ಮೇಲೆ ಪಾಸ್ ಪುಸ್ತಕವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

ಬಂದ ಹಣ ಯಾವ ಯೋಜನೆಯದು? ಎಷ್ಟು ಸಲವಾಗಿ ಬಂತು?
ಅದರಲ್ಲಿ ಶುಲ್ಕವೆಷ್ಟು, ಭತ್ಯೆಯೆಷ್ಟು?
ಕಾಲೇಜಿಗೆ ಬಾಕಿಯುಂಟೇ? ಕಟ್ಟಿದ್ದರೆ ರಸೀತಿ ಎಲ್ಲಿದೆ?
ಬೇರೆ ವೇತನಕ್ಕಾಗಲಿ ಸಾಲಕ್ಕಾಗಲಿ ಅರ್ಜಿ ಹಾಕಿದ್ದೀರಾ? ಎರಡೂ ಒಟ್ಟಿಗೆ ಸಲ್ಲುತ್ತವೆಯೇ?
ಮುಂದಿನ ಜೂನ್ ತಿಂಗಳಿಗೆ ಎಷ್ಟು ಬೇಕು? ಅದು ಬೇರೆಯಾಗಿ ಇದೆಯೇ?

ಉತ್ತರ ತಿಳಿಯದಿದ್ದರೆ ಆ ಕಾಗದವನ್ನೂ ಪಾಸ್ ಪುಸ್ತಕವನ್ನೂ ಹಿಡಿದು, ಮಗನನ್ನೋ ಮಗಳನ್ನೋ ಕರೆದುಕೊಂಡು ಗ್ರಾಮಸಭೆಯ ದಿನ ನನ್ನನ್ನು ಕಾಣಿರಿ. ಕೂಡಿ ಲೆಕ್ಕ ಹಾಕೋಣ.